ಜೇಬಿಲ್ಲದ ಫ್ರಾಕು

ಸುನಂದಮ್ಮ ಮಕ್ಕಳನ್ನು ಟೇಪು ಹಿಡಿದು ಅಳೆಯುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು, "ಬೆಳಿಗ್ಗೆ ಏನ್ ತಿಂದೆ ಕೂಸೇ? ತಲೆ ಯಾರ್ ಬಾಚುದ್ರು?" ಎಂದು ಮಾತಿಗೆ ಎಳೆಯುತ್ತ ಬೆನ್ನು ಸವರುತ್ತಾರೆ. ಆ ಸವರುವಿಕೆಯಲ್ಲೇ ಅವರ ಗೇಣು ಭುಜದಿಂದ ಭುಜಕ್ಕೆ, ಕತ್ತಿನಿಂದ ಮಂಡಿಗೆ ಹೋಗಿ ಬಂದಿರುತ್ತದೆ. ಅಳೆದರೆ ಮಕ್ಕಳು ಬೆಳೆಯುವುದಿಲ್ಲ ಎಂಬ ಮಾತು ನಮ್ಮ ಕಡೆ ಇದೆ. ಸುನಂದಮ್ಮನಿಗೆ ಅದರಲ್ಲಿ ನಂಬಿಕೆ ಇದೆಯೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕೇಳಿದರೆ, "ನಂಬೋರು ಇರ್ತಾರೆ ಕಣಮ್ಮಿ. ಅವ್ರ ಮುಂದೆ ಯಾಕೆ ಟೇಪು ತೆಗೀಬೇಕು?" ಎನ್ನುತ್ತಾರೆ.

ಬಿಳಿಕೆರೆಯಲ್ಲಿ ಹೈವೇಯಿಂದ ಒಳಕ್ಕೆ ತಿರುಗುವ ಬೀದಿಯಲ್ಲಿ ನಮ್ಮ ಮನೆ, ಎದುರಿಗೆ ಅವರ ಮನೆ. ಜಗಲಿಯ ಮೇಲೆ ಹೊಲಿಗೆ ಮಿಷನ್ನು, ಪಕ್ಕದ ಗೋಡೆಗೆ ಒರಗಿ ಅವರ ಯಜಮಾನರು ಚಲುವಯ್ಯ. ಹೊಗೆಸೊಪ್ಪಿನ ಬೇಲು ಹೊತ್ತು ಹೊತ್ತು ಬೆನ್ನು ಕೆಟ್ಟ ಮೇಲೆ ಅವರು ಹೆಂಡತಿ ಹೊಲಿದದ್ದಕ್ಕೆ ಗುಂಡಿ ಹಾಕುತ್ತಾರೆ, ಕಾಜ ಹೊಲಿಯುತ್ತಾರೆ, ಉಳಿದ ಹೊತ್ತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾರೆ. ನನ್ನ ಮಗಳು ಪುಟ್ಟಿ ಹಸುಗೂಸಾಗಿದ್ದಾಗ ಆ ಮಿಷನ್ನಿನ ಸದ್ದು ಕೇಳಿದರೆ ಮಾತ್ರ ನಿದ್ದೆ ಹೋಗುತ್ತಿದ್ದಳು. ಮಗುವನ್ನು ಎತ್ತಿಕೊಂಡು ಹೋಗಿ ಅಲ್ಲಿ ಕೂರುತ್ತಿದ್ದೆ. ಸುಮ್ಮನೆ ಕೂತಿದ್ದವಳ ಕೈಗೆ ಸುನಂದಮ್ಮ ಒಂದು ದಿನ ಸೂಜಿ ಕೊಟ್ಟರು. ಹಾಗೆ ನಾನು ಅಂಚು ಮಡಿಸುವವಳಾದೆ.

ಕ್ರಿಸ್ಮಸ್‌ಗೆ ಮುಂಚಿನ ಒಂದು ತಿಂಗಳು ಆ ಜಗಲಿಯಲ್ಲಿ ಬೇರೆ ಯಾರ ಬಟ್ಟೆಗೂ ಜಾಗವಿಲ್ಲ. ಕೋಟೆ ತಾಲ್ಲೂಕಿನ ಒಂದು ಸಣ್ಣ ಚರ್ಚಿನ ಸಿಸ್ಟರ್ ರೋಸ್ಲಿನ್, ಮೈಸೂರಿನ ದಾನಿಗಳು ಕೊಡಿಸಿದ ಬಟ್ಟೆಯ ಥಾನನ್ನು ತಂದು ಹಾಕುತ್ತಾರೆ. ಕಾಕನಕೋಟೆ ಕಾಡಿನ ಅಂಚಿನ ಊರುಗಳ ಬಡವರ ಮನೆ ಮಕ್ಕಳಿಗೆ ಅದರಲ್ಲಿ ಬಟ್ಟೆ ಹೊಲಿದು ಹಬ್ಬದ ಮುಂಚಿನ ಭಾನುವಾರ ಹಂಚುವುದು. ಮಕ್ಕಳು ಯಾವ ಜಾತಿ, ಯಾವ ದೇವರು ಎಂದು ಸಿಸ್ಟರ್ ಕೇಳುವುದಿಲ್ಲ. ಮೊದಲು ಅಂಗಡಿಯ ರೆಡಿಮೇಡ್ ತಂದು ಹಂಚುತ್ತಿದ್ದರಂತೆ. ಒಬ್ಬಳಿಗೆ ಕುತ್ತಿಗೆ ತೂರುತ್ತಿರಲಿಲ್ಲ, ಇನ್ನೊಬ್ಬಳಿಗೆ ನೆಲ ಗುಡಿಸುತ್ತಿತ್ತು. ಅದನ್ನು ಒಮ್ಮೆ ನೋಡಿದ ಸುನಂದಮ್ಮ, "ಸಿಸ್ಟ್ರೇ, ಕೊಡೋದು ಕೊಡ್ತೀರಿ, ಮೈಗಾಗೋ ಅಂಗೆ ಕೊಡಿ. ನಾನು ಹೊಲ್ಕೊಡ್ತೀನಿ. ಆದ್ರೆ ಮಕ್ಕಳ್ನ ನಾನೇ ಬಂದು ನೋಡ್ಬೇಕು" ಎಂದರಂತೆ. ಅಂದಿನಿಂದ ಇದು ನಡೆದಿದೆ. ಎಲ್ಲರಿಗೂ ಒಂದೇ ಥಾನಿನ ಬಟ್ಟೆ. ಒಳಗೆ ಮಡಿಕೆ ಬಿಟ್ಟು ಹೊಲಿಯುವುದು ಸುನಂದಮ್ಮನ ಪದ್ಧತಿ. ಮಗು ಬೆಳೆದರೆ ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಬಹುದು.

ಹೋದ ವರ್ಷ ಡಿಸೆಂಬರ್ ಮೊದಲ ವಾರ ನಾನೂ ಅವರ ಜೊತೆ ಹೋದೆ. ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೋಟೆಗೆ, ಅಲ್ಲಿಂದ ಅಂತರಸಂತೆ ದಾರಿಯ ಇನ್ನೊಂದು ಬಸ್ಸು. ಚರ್ಚಿನ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಮಕ್ಕಳು ಸಾಲಾಗಿ ಕೂತಿದ್ದರು. ಸಿಸ್ಟರ್ ಥಾನಿನ ಒಂದು ತುಂಡನ್ನು ತೋರಿಸಿದರು. ಕುಂಕುಮದಂಥ ಕೆಂಪು, ಅದರ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಆ ತುಂಡು ಕೈಯಿಂದ ಕೈಗೆ ಹೋಯಿತು. ಕೊನೆಯಲ್ಲಿ ಕೂತಿದ್ದ ನಾಲ್ಕು ವರ್ಷದ ಒಂದು ಹುಡುಗಿಯ ಕೈಗೆ ಬಂದಾಗ ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡಳು. ಮುಂದಕ್ಕೆ ಕೊಡಲಿಲ್ಲ.

ಅವಳ ಮೈಮೇಲೆ ಯಾರದೋ ಹುಡುಗನ ಹಳೆಯ ಖಾಕಿ ಅಂಗಿ ಇತ್ತು. ತೋಳು ಮಡಿಸಿ ಮಡಿಸಿ ಮೊಣಕೈವರೆಗೆ ತಂದಿದ್ದರು. ಕೆಳಗೆ ಮಂಡಿ ಮುಟ್ಟುತ್ತಿತ್ತು. ಎದೆಯ ಎರಡೂ ಕಡೆ ದೊಡ್ಡ ಜೇಬು.

ಸುನಂದಮ್ಮ ಅವಳನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡರು. ಬೆನ್ನಿನ ಮೇಲೆ ಕೈ ಓಡಾಡಿತು. "ಏನವ್ವಾ ನಿನ್ನ ಎಸ್ರು?"

"ತಿಪ್ಪಿ."

"ಸಂಘಮಿತ್ರ ಅಂತ" ಎಂದರು ಸಿಸ್ಟರ್. "ಅಪ್ಪ ವೆಂಕಟೇಶ್ ಇಟ್ಟ ಹೆಸರು. ಮನೇಲಿ ಅಜ್ಜಿ ತಿಪ್ಪಿ ಅಂತ ಕರೆಯುವುದು."

ಅಷ್ಟರಲ್ಲಿ ಅಜ್ಜಿಯೇ ಬಂದರು. ಚಿಕ್ಕಸಿದ್ದಮ್ಮ, ಸಣ್ಣ ಮೈಕಟ್ಟಿನ ಹೆಂಗಸು. ಮಗ ಸೊಸೆ ಇಬ್ಬರೂ ಕಾಫಿ ಕುಯ್ಯಲು ಕೊಡಗಿಗೆ ಹೋಗಿದ್ದರು. ಮೊಮ್ಮಗಳು ಇವರ ಪಾಲಿಗೆ. ಬಂದವರೇ ಮಗುವಿನ ಕೈಯಿಂದ ಬಟ್ಟೆಯ ತುಂಡನ್ನು ಬಿಡಿಸಿ ಸಿಸ್ಟರ್‌ಗೆ ಕೊಟ್ಟು, "ಇವ್ಳಿಗೆ ಬ್ಯಾಡ ಕಣ್ರವ್ವಾ" ಎಂದರು. "ಐದು ತುಂಬೋ ಗಂಟ ಹೊಸ ಬಟ್ಟೆ ಹಾಕಂಗಿಲ್ಲ. ಬೆಟ್ಟದ ಅಮ್ಮಂಗೆ ಹರ್ಕೆ ಮಾಡ್ಕಂಡಿವ್ನಿ."

ಆ ಮಗುವಿಗಿಂತ ಮುಂಚೆ ಹುಟ್ಟಿದ ಇಬ್ಬರು ಉಳಿದಿರಲಿಲ್ಲ. ಮೂರನೆಯದು ಹುಟ್ಟಿದಾಗ ಅಜ್ಜಿ ಅದನ್ನು ತಿಪ್ಪೆಯ ಅಂಚಿನಲ್ಲಿ ಮಲಗಿಸಿ ಎತ್ತಿಕೊಂಡು, ತಿಪ್ಪಿ ಎಂದು ಹೆಸರಿಟ್ಟು, ಬೇಡಿ ತಂದ ಬಟ್ಟೆಯನ್ನೇ ಉಡಿಸುತ್ತೇನೆ ಎಂದು ಹರಕೆ ಹೊತ್ತಿದ್ದರು. ಯಾರಿಗೂ ಬೇಡವಾದ ಮಗು ಎಂದು ತೋರಿದರೆ ಸಾವಿನ ಕಣ್ಣೂ ಬೀಳುವುದಿಲ್ಲ ಎಂದು.

"ಅಜ್ಜಿ, ಬಟ್ಟೆಗೂ ಆಯಸ್ಸಿಗೂ ಏನು ಸಂಬಂಧ? ಮಗೂಗೆ ಆಸೆ ಇದೆ..." ಎಂದು ನಾನು ಶುರು ಮಾಡಿದೆ. ಸುನಂದಮ್ಮ ನನ್ನ ತೊಡೆ ಚಿವುಟಿದರು. ಚೆನ್ನಾಗಿಯೇ ಚಿವುಟಿದರು.

"ಯಾರ್ದಾರೂ ಮಗೀನ ಮೈಮೇಲೆ ಬಿದ್ದು ಬಂದ ಬಟ್ಟೆ ಆಯ್ತದಾ ಅಕ್ಕಯ್ಯ?" ಎಂದು ಕೇಳಿದರು ಅವರು.

ಚಿಕ್ಕಸಿದ್ದಮ್ಮ ಯೋಚಿಸಿದರು. "ಬೇಡಿ ಈಸ್ಕಂಡ್ರೆ ಆಯ್ತದೆ. ಆದ್ರೆ ಕೊಡೋರು ಮನ್ಸಾರೆ ಕೊಡ್ಬೇಕು. ಬಯ್ಕಂಡು ಕೊಟ್ಟುದ್ದು, ಅತ್ಕಂಡು ಕೊಟ್ಟುದ್ದು ನಮ್ಗೆ ಆಗಾಕಿಲ್ಲ."

"ಅಲ್ಲಿಗೆ ಆಯ್ತು ಬುಡಿ" ಎಂದು ಸುನಂದಮ್ಮ ನನ್ನತ್ತ ತಿರುಗಿದರು. "ಇವ್ಳೂ ನಿನ್ನ ಪುಟ್ಟೀನೂ ಒಂದೇ ಅಳ್ತೆ. ಹೊಲ್ದು ಮೊದ್ಲು ಅವ್ಳಿಗೆ ಆಕಾನ."

ಸಿಸ್ಟರ್ ಏನು ಹೇಳುತ್ತಾರೋ ಎಂದು ನಾನು ಅವರ ಮುಖ ನೋಡಿದೆ. ಅವರು ವಯನಾಡಿನವರು. ಮಾತಿನಲ್ಲಿ ಇನ್ನೂ ಮಲಯಾಳದ ಎಳೆತವಿದೆ. "ನಮ್ಮ ಉಣ್ಣಿ ಯೇಸು, ಪುಟ್ಟ ಯೇಸು, ಅವನಿಗೂ ಹೊಸ ಉಡುಪು ಇರಲಿಲ್ಲ ಮೋಳೇ" ಎಂದರು. "ಹುಟ್ಟಿದಾಗ ಸಿಕ್ಕಿದ ಬಟ್ಟೆ ಸುತ್ತಿ ಮಲಗಿಸಿದ್ದು."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡಿದ್ದೆ. "ಬುದ್ಧಿ ಹೇಳೋದು ಬಿಟ್ಟು ನೀವೂ ಅದಕ್ಕೆ ತಾಳ ಹಾಕಿದ್ರಲ್ಲ ಅಕ್ಕ" ಎಂದೆ.

"ಬುದ್ಧೀನ ನೀನು ಇವತ್ತು ಹೇಳಿ ಬಸ್ಸತ್ತಿ ಬಂದ್ಬುಡ್ತೀಯ. ನಾಳೆ ಆ ಮಗೀಗೆ ಜ್ವರ ಬಂದ್ರೆ ಆ ಮುದುಕಿ ಯಾರ್ನ ಬಯ್ಕಬೇಕು? ತನ್ನೇ ಬಯ್ಕತಾಳೆ" ಎಂದರು. ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ನನ್ನ ಮಗ ತೇಜಸ್ ಅವ್ನಲ್ಲ, ಅವ್ನೂ ಹರ್ಕೆ ಮಗನೇ ಕಣಮ್ಮಿ" ಎಂದರು.

ತೇಜಸ್ ಈಗ ಕೆ.ಆರ್. ನಗರದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ, ಕೂತರೆ ಸೀಟು ತುಂಬುವ ಆಳು. ಅವನು ಬೇಡಿದ ಬಟ್ಟೆಯಲ್ಲಿ ಬೆಳೆದ ಮಗು ಎಂದು ನನಗೆ ಗೊತ್ತಿರಲಿಲ್ಲ.

"ಹಾರನಹಳ್ಳಿಲಿ ನಮ್ಮವ್ವನ ಮನೇಲಿದ್ದೆ ಆಗ. ಮನೆಮನೆ ಮುಂದೆ ನಿಂತು ಸೆರಗು ಒಡ್ತಿದ್ದೆ. ಕೊಡೋರು ಕೊಡೋರು, ಆದ್ರೆ ಯಾವ್ದೂ ಅವನ ಮೈಗೆ ಆಗ್ತಿರ್ಲಿಲ್ಲ. ದೊಡ್ಡ ಅಂಗೀಲಿ ನನ್ನ ಮಗ ಬೆದರುಬೊಂಬೆ ಕಂಡಂಗೆ ಕಾಣೋನು. ಪಕ್ಕದ ಮನೆ ಚನ್ನಬಸವಣ್ಣ ಟೈಲರ್ ಕಾಲಿಗೆ ಬಿದ್ದು ಕತ್ರಿ ಹಿಡಿಯದು ಕಲ್ತೆ. ಬೇಡಿದ್ದೇ ಆಗ್ಲಿ, ಮೈಗಾಗ್ಬೇಕು ಅಂತ. ಇವತ್ತು ಈ ಮಿಷನ್ನು ತುಳೀತಿರೋದು ಅದ್ರಿಂದ್ಲೇ."

"ನಿಮಗೆ ನಂಬಿಕೆ ಇತ್ತಾ ಅಕ್ಕ?"

"ಹೆದರಿಕೆ ಇತ್ತು" ಎಂದು ಕಿಟಕಿಯ ಕಡೆ ತಿರುಗಿದರು.

ಮನೆಯಲ್ಲಿ ಈ ವಿಷಯ ಹೇಳಿದಾಗ ನನ್ನ ಗಂಡ ಶಶಿಕುಮಾರ್, "ಒಂದು ಫ್ರಾಕು ತಾನೇ, ಹಾಕಿ ಬಿಚ್ಚಿದ್ರಾಯ್ತು" ಎಂದರು. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. "ಎರಡು ಮಕ್ಳು ಹೋಗಿರೋ ಮನೆ ಕಣವ್ವ. ಅಲ್ಲಿಗೆ ನಮ್ಮ ಮಗೀನ ಮೈಮೇಲಿನ ಬಟ್ಟೇನಾ?" ಎಂದಷ್ಟೇ ಹೇಳಿ ಮತ್ತೆ ತಟ್ಟತೊಡಗಿದರು. ಅಂಥ ಮಾತುಗಳನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವವಳಲ್ಲ. ಆದರೂ ಅಂದು ಪುಟ್ಟಿಯ ಪಕ್ಕದಲ್ಲಿ ಮಲಗಿದವಳು ಅವಳ ಹಣೆ ಮುಟ್ಟಿ ನೋಡಿದೆ.

ಫ್ರಾಕುಗಳೆಲ್ಲ ಮುಗಿದ ಮೇಲೆ ಕಡೆಯದಾಗಿ ಸುನಂದಮ್ಮ ತಿಪ್ಪಿಯದನ್ನು ಹೊಲಿದರು. ಸೊಂಟಕ್ಕೆ ಪಟ್ಟಿ, ಹಿಂದೆ ಕಟ್ಟುವ ದಾರ, ಬಲೂನಿನಂತೆ ಉಬ್ಬಿದ ಪುಗ್ಗೆ ತೋಳು. ಚಲುವಯ್ಯ ಬಿಳಿ ಗುಂಡಿ ಹಾಕಿದರು. ಹಂಚುವ ಭಾನುವಾರದ ಹಿಂದಿನ ಸಂಜೆ ಪುಟ್ಟಿಗೆ ತೊಡಿಸಿದೆವು. "ಇದು ಒಬ್ಬಳು ಪಾಪುಗೆ. ನೀನು ಇವತ್ತು ಹಾಕ್ಕೊಂಡು ನಾಳೆ ಅವಳಿಗೆ ಕೊಡ್ಬೇಕು, ಆಯ್ತಾ?" ಎಂದೆ. ಪುಟ್ಟಿ ತಲೆಯಾಡಿಸಿದಳು. ನಾಲ್ಕು ವರ್ಷದವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ.

"ಒಂದು ಗಳಿಗೆ ಇಟ್ಟು ಬಿಚ್ಚುಬುಡ್ರಮ್ಮಿ" ಎಂದು ಚಲುವಯ್ಯ ಎಚ್ಚರಿಸಿದ್ದರು. "ಹೆಣ್ಮಗ ಕನ್ನಡಿ ನೋಡ್ಕಂಡ್ರೆ ಮುಗೀತು. ನಮ್ಮನೆ ಇವ್ಳಿಗೆ ಮದ್ವೇಲಿ ಒಂದು ಸೀರೆ ಬಾಡ್ಗೆಗೆ ತಂದು ಉಡ್ಸಿದ್ರು, ಇನ್ನೂ ವಾಪಸ್ ಕೊಟ್ಟಿಲ್ಲ."

"ನಿಮ್ಮ ನಾಲ್ಗೆಗೆ ಒಂದು ಕಾಜ ಹೊಲೀಬೇಕು" ಎಂದರು ಸುನಂದಮ್ಮ.

ಮೈಮೇಲಿಂದಲೇ ಕೊಟ್ಟರೆ ಅಜ್ಜಿಗೆ ಸಮಾಧಾನವಾದೀತು ಎಂದು ನಾನು ಪುಟ್ಟಿಯನ್ನು ಅದೇ ಫ್ರಾಕಿನಲ್ಲಿ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಹೆಂಗಸರೆಲ್ಲ ಅವಳ ಕೆನ್ನೆ ಹಿಂಡಿದರು. "ಎಷ್ಟ್ ಚೆಂದಾಗಿದೀಯೇ, ಯಾರ್ ಕೊಡ್ಸಿದ್ದು?" ಎಂದು ಕಂಡಕ್ಟರ್ ಕೇಳಿದ. "ನಂದು" ಎಂದಳು ಪುಟ್ಟಿ. ಸುನಂದಮ್ಮ ನನ್ನ ಮುಖ ನೋಡಿದರು. ತಪ್ಪು ಅಲ್ಲೇ ಆಗಿತ್ತು.

ಚರ್ಚಿನ ಅಂಗಳದಲ್ಲಿ ಗೋದಲಿ ಕಟ್ಟಿದ್ದರು. ಭತ್ತದ ಹುಲ್ಲು, ಮಣ್ಣಿನ ಕುರಿಗಳು. ಬಿದಿರಿನ ನಕ್ಷತ್ರಕ್ಕೆ ಬಣ್ಣದ ಕಾಗದ. ಮಕ್ಕಳು ಪೊಟ್ಟಣ ತೆಗೆದುಕೊಂಡು ಒಳಗೆ ಓಡಿ ಕೆಂಪು ಫ್ರಾಕು, ಕೆಂಪು ಅಂಗಿ ತೊಟ್ಟು ಬರುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅಂಗಳವೆಲ್ಲ ಕೆಂಪಾಯಿತು. ಖಾಕಿ ಅಂಗಿಯಲ್ಲಿ ಉಳಿದವಳು ತಿಪ್ಪಿಯೊಬ್ಬಳೇ. ಹೊಂಗೆ ಮರದ ಬುಡದಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡುತ್ತಿದ್ದಳು.

ಚಿಕ್ಕಸಿದ್ದಮ್ಮ ತಲೆಗೆ ನೀರು ಹಾಕಿಕೊಂಡು ಬಂದಿದ್ದರು. ನನ್ನ ಮುಂದೆ ನಿಂತು ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದರು. "ತಾಯಿ, ನಿಮ್ಮ ಮಗೀನ ಮೈಮೇಲಿಂದು ಒಂದು ಬಟ್ಟೆ ನನ್ನ ಮಗೀಗೆ ನೀಡಿ." ನನ್ನ ತಾಯಿಗಿಂತ ಹಿರಿಯರು ಹಾಗೆ ನಿಂತಾಗ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಬಗ್ಗಿ ಪುಟ್ಟಿಯ ಬೆನ್ನಿನ ದಾರಕ್ಕೆ ಕೈ ಹಾಕಿದೆ.

ಪುಟ್ಟಿ ದಾರವನ್ನು ಹಿಡಿದುಕೊಂಡಳು. "ಬೇಡ. ನಂದು."

"ನಿನ್ನೆ ಹೇಳಿರ್ಲಿಲ್ವಾ ಪುಟ್ಟಿ?"

"ಇಲ್ಲ. ನಂದು."

ನಾನು ಚಾಕೊಲೇಟು ಎಂದೆ, ಬಲೂನು ಎಂದೆ, ಕೊನೆಗೆ ಕಣ್ಣು ಬಿಟ್ಟು ಹೆದರಿಸಿದೆ. ಅವಳ ಕಣ್ಣಲ್ಲಿ ನೀರು ಬಂದದ್ದೇ ತಡ, ಚಿಕ್ಕಸಿದ್ದಮ್ಮ ಸೆರಗನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಬಿಟ್ಟರು. "ಬ್ಯಾಡಿ ಕಣ್ರವ್ವಾ. ಮಗೀನ ಅಳುಸ್ಬ್ಯಾಡಿ. ನನ್ನ ಮಗೀಗೆ ಅಭ್ಯಾಸ ಅದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಿಚ್ಚಲು ಮತ್ತೆ ಕೈ ಚಾಚಿದ ನನ್ನನ್ನು ಸುನಂದಮ್ಮ ತಡೆದರು. "ಸುಮ್ನಿರು. ಕಿತ್ಕಂಡು ಕೊಟ್ರೆ ಇಷ್ಟೆಲ್ಲ ಮಾಡಿ ಏನ್ ಬಂತು?" ಎಂದು ನೆಲದ ಮೇಲೆ ಕೂತು, ಪುಟ್ಟಿಯನ್ನು ಒಂದು ತೊಡೆಯ ಮೇಲೆ, ತಿಪ್ಪಿಯನ್ನು ಕರೆದು ಇನ್ನೊಂದು ತೊಡೆಯ ಮೇಲೆ ಕೂರಿಸಿಕೊಂಡರು. ಇಬ್ಬರ ಬೆನ್ನಿನ ಮೇಲೂ ಕೈ ಆಡಿಸುತ್ತ ಕೂತರು, ಅಷ್ಟೆ.

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ತಿಪ್ಪಿ ಫ್ರಾಕಿನ ಒಂದು ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟಳು. ಪುಟ್ಟಿ ಸಹಿಸಿಕೊಂಡಳು. ಆಮೇಲೆ ತಿಪ್ಪಿ ಏನೋ ನೆನಪಾದವಳಂತೆ ತನ್ನ ಜೇಬಿಗೆ ಕೈ ಹಾಕಿ ಒಂದು ಎಲಚಿ ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ತೆಗೆದು ಪುಟ್ಟಿಗೆ ಕೊಟ್ಟಳು. ಪುಟ್ಟಿ ತಿಂದು, ಬೀಜ ಉಗಿದು, "ಇನ್ನೂ ಇದೆಯಾ?" ಎಂದಳು. ತಿಪ್ಪಿ ಮತ್ತೊಂದು ಜೇಬಿನ ಬಾಯಿ ಅಗಲಿಸಿ ತೋರಿಸಿದಳು. ಅದರಲ್ಲಿ ಹಣ್ಣು, ಹುಣಸೆಬೀಜ, ಒಂದು ನೀಲಿ ಗೋಲಿ, ಯಾವುದೋ ಹಕ್ಕಿಯ ಪುಕ್ಕ.

ಪುಟ್ಟಿ ತನ್ನ ಫ್ರಾಕನ್ನು ಮುಟ್ಟಿ ನೋಡಿಕೊಂಡಳು. ಎದೆಯ ಮೇಲೆ, ಸೊಂಟದ ಪಕ್ಕ, ಮತ್ತೆ ಎದೆಯ ಮೇಲೆ. "ಅಮ್ಮಾ, ಇದಕ್ಕೆ ಜೇಬೇ ಇಲ್ಲ" ಎಂದಳು, ಮೋಸ ಹೋದವಳಂತೆ.

"ಇಲ್ಲ ಕಣಪ್ಪಾ, ಇಟ್ಟಿಲ್ಲ" ಎಂದರು ಸುನಂದಮ್ಮ.

"ನಂಗೆ ಅದು ಬೇಕು." ಖಾಕಿ ಅಂಗಿಯ ಕಡೆ ಬೆರಳು.

ತಿಪ್ಪಿ ಅಂಗಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡಳು. ಕೆಂಪು ಫ್ರಾಕನ್ನು ನೋಡಿದಳು. ಅಂಗಿಯನ್ನು ನೋಡಿದಳು. "ಗೋಲಿ ಕೊಡಾಕಿಲ್ಲ" ಎಂದಳು.

"ಹ್ಞೂಂ. ಹಣ್ಣು?"

"ಅಣ್ಣು ತಕ್ಕೋ."

ಚಿಕ್ಕಸಿದ್ದಮ್ಮ ಗಾಬರಿಯಾದರು. "ಅಯ್ಯಯ್ಯೋ, ನಮ್ಮ ಮಗು ಇಕ್ಕಂಡಿದ್ದ ಹಳೇ ಬಟ್ಟೆ ನಿಮ್ಮ ಮಗೀಗಾ? ಬ್ಯಾಡಿ, ಬ್ಯಾಡಿ. ಅದು ಯಾರ್ಯಾರ ಮೈಮೇಲೆ ಬಿದ್ದು ಬಂದದ್ದೋ. ಮನೇಲಿ ನಿಮ್ಮೋರು ಏನಂದಾರು?" ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಸಿಸ್ಟರ್ ನೋಡುತ್ತಿದ್ದರು. ಸುನಂದಮ್ಮ ಮಾತ್ರ ನನ್ನ ಕಡೆ ನೋಡಲಿಲ್ಲ. ತಿಪ್ಪಿಯ ಕೂದಲಿನಲ್ಲಿ ಸಿಕ್ಕಿದ್ದ ಕಡ್ಡಿಯೊಂದನ್ನು ಬಿಡಿಸುತ್ತಿದ್ದರು.

ಅತ್ತೆಯ ಮಾತು ಕಿವಿಯಲ್ಲಿ ಇತ್ತು. ಇಲ್ಲ ಎಂದರೆ ಸುಳ್ಳಾದೀತು. ನಮ್ಮ ಮಗುವಿನ ಬಟ್ಟೆ ಆ ಮನೆಗೆ ಹೋಗುವುದನ್ನು ಒಪ್ಪಿಕೊಂಡು ಬಂದಿದ್ದೆ. ಆ ಮನೆಯ ಬಟ್ಟೆ ನನ್ನ ಮಗುವಿನ ಮೈಗೆ ಬರುತ್ತದೆ ಎಂದು ಯೋಚಿಸಿರಲಿಲ್ಲ. ಬಸ್ಸಿನಲ್ಲಿ ಸುನಂದಮ್ಮ ಹೇಳಿದ್ದ ಹೆದರಿಕೆ ಎಂದರೆ ಏನೆಂದು ಆಗ ಗೊತ್ತಾಯಿತು. ಅಜ್ಜಿ ನಾಲ್ಕು ವರ್ಷದಿಂದ ಅದನ್ನು ಹೊತ್ತುಕೊಂಡಿದ್ದಾರೆ.

"ಮಗು ಕೇಳ್ತಿದೆಯಲ್ಲ, ಕೊಡಿ ಅಜ್ಜಿ" ಎಂದು ನಾನೂ ಸೆರಗು ಹಿಡಿದೆ. ನಾನು ಚೂಡಿದಾರ್ ಹಾಕಿದ್ದೆ, ಹಿಡಿದದ್ದು ದುಪಟ್ಟಾ. ಅದನ್ನು ಕಂಡು ಚಿಕ್ಕಸಿದ್ದಮ್ಮನಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಪುಟ್ಟಿ ತಾನೇ ದಾರ ಎಳೆದು ಬಿಚ್ಚಿದಳು. ಖಾಕಿ ಅಂಗಿಗೆ ಗುಂಡಿ ಹಾಕುವಾಗ ಅದು ತಿಪ್ಪಿಯ ಮೈಯಿಂದ ಇನ್ನೂ ಬೆಚ್ಚಗಿತ್ತು, ಹೊಗೆಯ ವಾಸನೆ ಇತ್ತು. ತೋಳನ್ನು ನಾನೂ ಹಾಗೇ ಮಡಿಸಿ ಮಡಿಸಿ ಮೇಲಕ್ಕೆ ತಂದೆ. ಅತ್ತ ಸುನಂದಮ್ಮ ತಿಪ್ಪಿಗೆ ಫ್ರಾಕು ತೊಡಿಸಿ ಹಿಂದೆ ದಾರ ಕಟ್ಟಿದರು. ಭುಜ ಸರಿಯಾಗಿ ಭುಜದ ಮೇಲೆ, ಅಂಚು ಸರಿಯಾಗಿ ಮಂಡಿಯ ಕೆಳಗೆ. ಒಂದು ಹೆಜ್ಜೆ ಹಿಂದೆ ಸರಿದು ನೋಡಿ, "ಆಯ್ತು" ಎಂದರು.

ಸಿಸ್ಟರ್ "ಸಂಘಮಿತ್ರ ವೆಂಕಟೇಶ್" ಎಂದು ಕೂಗಿದರು. ಅವಳು ಅಂಗಳ ದಾಟಿ ಹೋಗಿ ಕೇಕಿನ ಪೊಟ್ಟಣ ಈಸಿಕೊಂಡಳು. ಇನ್ನೊಂದು ಮುಷ್ಟಿಯಲ್ಲಿ ಗೋಲಿ ಬಿಗಿಯಾಗಿತ್ತು, ಇಡಲು ಜಾಗವಿರಲಿಲ್ಲ. ನಾನು ಫೋಟೊ ತೆಗೆದೆ, ಕೊಡಗಿನಲ್ಲಿರುವ ಅವಳ ಅಪ್ಪ ಅಮ್ಮನಿಗೆ ಕಳಿಸಿದೆ. ತೋಟದಲ್ಲಿ ನೆಟ್‌ವರ್ಕ್ ಸಿಕ್ಕಾಗ ನೋಡಿಕೊಳ್ಳುತ್ತಾರೆ ಎಂದರು ಅಜ್ಜಿ.

ಬಸ್ಸಿನಲ್ಲಿ ಬರುವಾಗ ಸುನಂದಮ್ಮ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಹುಣಸೂರು ಬಂದಾಗ, "ಇಷ್ಟು ವರ್ಷ ಹೊಲ್ದೆ. ಗಂಡುಮಕ್ಳ ಅಂಗಿಗೆಲ್ಲ ಜೇಬು ಇಟ್ಟೆ. ಹೆಣ್ಮಕ್ಳಿಗೂ ಇಟ್ಕಳಾಕೆ ಏನಾರ ಇರ್ತದೆ ಅಂತ ತಲೆಗೇ ಬರ್ಲಿಲ್ಲ ನೋಡು" ಎಂದರು. ಪುಟ್ಟಿ ಅವರ ತೊಡೆಯ ಮೇಲೆ ಜೇಬಿಗೆ ಕೈ ತೂರಿಸಿಕೊಂಡೇ ನಿದ್ದೆ ಹೋಗಿದ್ದಳು.

ಮನೆಯಲ್ಲಿ ಅತ್ತೆ, "ಇದೇನೇ ವೇಷ?" ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪುಟ್ಟಿ ಜೇಬಿನಿಂದ ಕೊನೆಯ ಎಲಚಿ ಹಣ್ಣು ತೆಗೆದು ಅವರ ಅಂಗೈಯಲ್ಲಿಟ್ಟಳು. ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಸೆರಗಿನಲ್ಲಿ ಒರೆಸಿ, ಬಾಯಿಗೆ ಹಾಕಿಕೊಂಡು ಒಳಗೆ ಹೋದರು.

ಈ ವರ್ಷದ ಥಾನು ಹೋದ ವಾರ ಬಂತು. ಹಸಿರು, ಅದರ ಮೇಲೆ ಹಳದಿ ಎಲೆ. ಸುನಂದಮ್ಮ ಕತ್ತರಿಸುವಾಗ ಪ್ರತಿ ಫ್ರಾಕಿಗೂ ಒಂದು ಜೇಬಿನ ತುಂಡು ಬೇರೆ ತೆಗೆದಿಡುತ್ತಿದ್ದಾರೆ. ತಿಪ್ಪಿಗೆ ಐದು ತುಂಬಿತು. ಹರಕೆ ತೀರಿಸಿ ಬಂದೆವು, ಇನ್ನು ಅಂಗಡಿಯಿಂದ ತಂದದ್ದನ್ನೂ ಹಾಕಬಹುದು ಎಂದು ಚಿಕ್ಕಸಿದ್ದಮ್ಮ ಸಿಸ್ಟರ್ ಫೋನಿನಿಂದ ಹೇಳಿದರು. ಫೋನು ಇಡುವ ಮುಂಚೆ, "ಆದ್ರೂ ಒಂದು ಗಳಿಗೆ ನಿಮ್ಮ ಮಗೀಗೆ ಇಕ್ಕಿ ತೆಗೀರವ್ವಾ. ಹೋದ್ಸಲ ಒಳ್ಳೇದಾಯ್ತು" ಎಂದರು. ನಾನು ಹ್ಞೂಂ ಎಂದೆ. ಈ ಸಲ ಬಸ್ಸಿನಲ್ಲಿ ಮಾತ್ರ ಬೇಡ ಎಂದುಕೊಂಡೆ.

ನಿನ್ನೆ ಜಗಲಿಯಲ್ಲಿ ಅಂಚು ಮಡಿಸುತ್ತ ಕೂತಿದ್ದಾಗ ಚಲುವಯ್ಯ ಒಂದು ಜೇಬಿನೊಳಗೆ ಬೆರಳು ಹಾಕಿ ನೋಡಿ, "ಅಲ್ಲ ಕಣಮ್ಮಿ, ಪಕ್ಕದ ಮನೆಯೋರ್ಗೆ ಬರೀ ಪಾತ್ರೆ ವಾಪಸ್ ಕೊಡಬಾರ್ದು ಅಂತೀಯ. ಬರೀ ಜೇಬು ಕೊಡ್ತೀಯಾ?" ಎಂದು ಹೆಂಡತಿಯನ್ನು ಕೆಣಕಿದರು.

ಸುನಂದಮ್ಮ ಮಿಷನ್ನು ನಿಲ್ಲಿಸಿದರು. ಯೋಚಿಸಿದರು. ಆಮೇಲೆ ಬೀದಿಯಲ್ಲಿ ಆಡುತ್ತಿದ್ದ ಪುಟ್ಟಿಯನ್ನು ಕೂಗಿದರು. "ಬಾಮ್ಮಿ ಇಲ್ಲಿ. ಜೇಬಿಗೆ ಏನೇನು ಆಕಾನ, ನೀನೇ ಹೇಳು."

ಪುಟ್ಟಿ ಖಾಕಿ ಅಂಗಿಯಲ್ಲೇ ಓಡಿ ಬಂದಳು. ಈಗ ಅದರ ತೋಳನ್ನು ಒಂದೇ ಮಡಿಕೆ ಮಡಿಸಿದರೆ ಸಾಕು.